ಎರಡು ಗಂಟೆ ಹಿಂದೆ ಸರಿದ ಕಂಪ್ಯೂಟರ್

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನವೆಂಬರಿನಲ್ಲಿ ಬೇಸಿಗೆ ಸಮಯ ಮುಗಿದಾಗ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟರೆ, ವಿಂಡೋಸ್, ಲಿನಕ್ಸ್ ಎರಡೂ ಇರುವ ನನ್ನ ಕಂಪ್ಯೂಟರ್ ಎರಡು ಗಂಟೆ ಹಿಂದೆ ಹೋಯಿತು. ಏಕೆ?

ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಬ್ಯಾಟರಿಯಿಂದ ನಡೆಯುವ ಪುಟ್ಟ ಗಡಿಯಾರವೊಂದಿದೆ. ಕಂಪ್ಯೂಟರ್ ಆಫ್ ಆದರೂ ಅದು ನಿಲ್ಲುವುದಿಲ್ಲ. ಆದರೆ ಅದಕ್ಕೆ ಗೊತ್ತಿರುವುದು ತಾರೀಕು, ಗಂಟೆ, ನಿಮಿಷ, ಸೆಕೆಂಡು ಅಷ್ಟೇ. ಅದು ಯಾವ ಊರಿನ ಸಮಯ, ಈಗಾಗಲೇ ಯಾರಾದರೂ ತಿದ್ದಿದ್ದಾರೆಯೇ ಎಂಬುದೆಲ್ಲ ಗೊತ್ತಿಲ್ಲ. ವಿಂಡೋಸ್ ಅದರಲ್ಲಿ ಸ್ಥಳೀಯ ಸಮಯವನ್ನೇ ಬರೆದಿಡುತ್ತದೆ. ಲಿನಕ್ಸನ್ನೂ ಹಾಗೆಯೇ ಹೊಂದಿಸಿದ್ದರೆ, ನವೆಂಬರಿನ ಮೊದಲ ಭಾನುವಾರ ಕಳೆದ ಮೇಲೆ ಎರಡೂ ತಂತಮ್ಮ ಸರದಿಯಲ್ಲಿ ಒಂದೊಂದು ಗಂಟೆ ಕಳೆದುಬಿಡಬಹುದು. ಅತ್ತೆ ಹಾಕಿದ್ದು ತಿಳಿಯದೆ ಸೊಸೆಯೂ ಸಾರಿಗೆ ಉಪ್ಪು ಹಾಕಿದ ಹಾಗೆ.

ಲಿನಕ್ಸಿನ ಮೂಲ ರೂಢಿಯೇ ಜಾಣತನದ್ದು. ಒಳಗಿನ ಗಡಿಯಾರದಲ್ಲಿ ವರ್ಷವಿಡೀ ಯುಟಿಸಿ, ಅಂದರೆ ಜಾಗತಿಕ ಸಮಯ. ಕೂಡುವುದು ಕಳೆಯುವುದೆಲ್ಲ ಪರದೆಯ ಮೇಲೆ ತೋರಿಸುವಾಗ ಮಾತ್ರ. ವಿಂಡೋಸಿನ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬುದಕ್ಕೆ 1 ಕೊಟ್ಟರೆ ಅದೂ ಇದೇ ದಾರಿಗೆ ಬರುತ್ತದೆ. (ಭಾರತದಲ್ಲಿ ಈ ಬೇಸಿಗೆ ಸಮಯದ ಕಾಟವಿಲ್ಲ. ಆದರೂ ಒಂದು ಯುಟಿಸಿ, ಇನ್ನೊಂದು ಸ್ಥಳೀಯ ಎಂದು ಓದಿಕೊಂಡರೆ ಐದೂವರೆ ಗಂಟೆಯ ವ್ಯತ್ಯಾಸ!) ವಿಂಡೋಸನ್ನು ಬದಲಿಸಿದ ಮೇಲೆ ಲಿನಕ್ಸನ್ನೂ ಯುಟಿಸಿಗೆ ಮರಳಿಸಲು ಮರೆಯಬೇಡಿ.