ಅನುಮಾನಪದದ ಎರಡು ಅರ್ಥಗಳೂ ಸಾಂಕ್ರಾಮಿಕದ ಮುಂಗಣನೆಯೂ

ಸಂಸ್ಕೃತದಲ್ಲಿ ‘ಅನುಮಾನ’ವೆಂಬುದು ಪ್ರಮಾಣಗಳಲ್ಲೊಂದು, ಕಂಡ ಕುರುಹಿನಿಂದ ಕಾಣದುದನ್ನು ನಿಶ್ಚಯಿಸುವ ಕ್ರಮ. ಕನ್ನಡದ ಆಡುಮಾತಿನಲ್ಲಿ ಅದೇ ಪದವು ಸಂದೇಹಕ್ಕೆ ಸಲ್ಲುತ್ತದೆ. ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿ ಗಣಿತಜ್ಞರು ಮೊದಲನೆಯ ಅರ್ಥದಲ್ಲಿ ಮುಂದಿಟ್ಟುದು ಜನರಲ್ಲಿ ಎರಡನೆಯ ಅರ್ಥಕ್ಕೆ ತಿರುಗಿತು. ಈ ಅರ್ಥಾಂತರದ ಕಾರಣವು ವಿಚಾರಣೀಯವಾಗಿದೆ.

ಕರ್ನಾಟಕ ಸರಕಾರದ ತಾಂತ್ರಿಕ ಸಲಹಾ ಸಮಿತಿಯು 2020ರ ನವೆಂಬರಿನಲ್ಲಿ, ಎರಡನೆಯ ಅಲೆಯು ಬರುವ ಜನವರಿ-ಫೆಬ್ರವರಿಗಳಲ್ಲಿ ಏಳಬಹುದೆಂದು ಎಚ್ಚರಿಸಿತು. ಆ ಎರಡು ತಿಂಗಳು ಸುಮ್ಮನೆ ಕಳೆದುವು. ಅಲೆಯು ಎದ್ದುದು ಮಾರ್ಚಿಯಿಂದೀಚೆಗೆ. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಸೋಂಕುಗಳು ದಾಖಲಾದುವು. ಕಾನ್ಪುರದ ಮಣೀಂದ್ರ ಅಗ್ರವಾಲರೇ ಮೊದಲಾದವರ ‘ಸೂತ್ರ’ವೆಂಬ ಗಣಿತಮಾದರಿಯು ಇಡೀ ದೇಶದ ಶಿಖರವನ್ನು ಏಪ್ರಿಲಿನ ನಡುವೆ, ದಿನಕ್ಕೆ ಸುಮಾರು ಒಂದು ಲಕ್ಷವೆಂದು ಎಣಿಸಿತ್ತು. ಮೇ ಮೊದಲ ವಾರದಲ್ಲಿ ಸಂಖ್ಯೆಯು ನಾಲ್ಕು ಲಕ್ಷವನ್ನು ಮೀರಿತು. ಸೂತ್ರವನ್ನು ಭಾಷ್ಯವಿಲ್ಲದೆ ಓದಬಾರದೆಂಬುದನ್ನು ಪಾಠಶಾಲೆಯ ಬಾಲನೂ ಬಲ್ಲನು.

ಆ ಭಾಷ್ಯವು ಯಾವುದು? ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಉಪಾಧಿಯ ವಿಚಾರವಿದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸಾಧು. ಬೆಂಕಿಯಿಂದ ಹೊಗೆಯನ್ನು ಊಹಿಸುವುದು ಅಸಾಧು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಸೌದೆಯ ಸಂಯೋಗವಿದ್ದರೆ ಮಾತ್ರ ಹೊಗೆ, ಅದೇ ಉಪಾಧಿ. ಒಬ್ಬ ರೋಗಿಯಿಂದ ಎಷ್ಟು ಮಂದಿಗೆ ಸೋಂಕು ತಗಲುವುದು, ಎಷ್ಟು ಮಂದಿಗೆ ಆಗಲೇ ತಡೆಶಕ್ತಿ ಬಂದಿದೆ, ಜನರು ಎಷ್ಟು ಬೆರೆಯುವರು, ಇವು ರೋಗಗಣಿತದ ಹಸಿಸೌದೆಗಳು. ‘ಇವು ಹೀಗಿದ್ದರೆ’ ಎಂಬ ಪೂರ್ವಭಾಗವನ್ನು ಬಿಟ್ಟು ಉಳಿದರ್ಧವನ್ನೇ ಪ್ರಕಟಿಸಿದರೆ ಅದು ಕಣಿಯಾಗುತ್ತದೆ. ಕಣಿ ತಪ್ಪಿದರೆ ಹೇಳಿದವನ ಮೇಲೆಯೇ ಅಪನಂಬಿಕೆ.

ಇನ್ನೊಂದು ವಿಶೇಷವುಂಟು. ಸಕಲೇಶಪುರ ಸೀಮೆಯ ವನಗೂರಿನ ಕಾಫಿ ಬೆಳೆಗಾರನು ಹೂಮಳೆಯ ಮುನ್ಸೂಚನೆಯನ್ನು ನಂಬಲಿ ಬಿಡಲಿ, ಮಳೆಯು ತನ್ನ ಪಾಡಿಗೆ ಬರುವುದು ಇಲ್ಲವೆ ತಪ್ಪುವುದು. ಪಂಚಾಂಗದ ಗ್ರಹಣವೂ ಅಂತೆಯೇ. ರೋಗದ ಮುಂಗಣನೆಯಾದರೋ ಕೇಳುವವನ ನಡತೆಯನ್ನು ಬದಲಿಸುವುದು. ಅದನ್ನು ಕೇಳಿ ಅವನೂ ಅವನ ತೋಟದ ಆಳುಗಳೂ ಸಂತೆಯನ್ನು ಬಿಟ್ಟರೆ ಹೇಳಿದ ಸಂಖ್ಯೆ ಕುಗ್ಗುವುದು; ಆಗ ನಂಬಿಕೆಯೇ ಗಣನೆಯನ್ನು ಸುಳ್ಳಾಗಿಸಿದಂತಾಯಿತು. ಇಲ್ಲಿ ನಂಬಿಕೆಯೂ ಒಂದು ಉಪಾಧಿ.

ಆದರೆ 2021ರ ತಪ್ಪನ್ನು ಈ ನ್ಯಾಯದಿಂದ ಸಮರ್ಥಿಸಲಾಗದು. ಅಂದು ಸಂಖ್ಯೆಯು ಹೇಳಿದುದನ್ನು ಮೀರಿತೇ ಹೊರತು ಕುಗ್ಗಲಿಲ್ಲ. ಮೊದಲನೆಯ ಅಲೆಯ ಅಂಕಿಗಳಲ್ಲಿ ಡೆಲ್ಟಾ ತಳಿಯ ವೇಗವು ಅಡಗಿರಲಿಲ್ಲ. ಸಮಿತಿಯ ಎಚ್ಚರಿಕೆಯಾದರೂ ಕಾಲದಲ್ಲಿ ತಪ್ಪಿತು, ವಿಷಯದಲ್ಲಿ ತಪ್ಪಲಿಲ್ಲ. ಈ ಭೇದವನ್ನು ಯಾರೂ ಬಿಡಿಸಿ ಹೇಳದಿದ್ದಾಗ, ಫೆಬ್ರವರಿಯು ನಿರಾತಂಕವಾಗಿ ಕಳೆದುದನ್ನು ಕಂಡವರಿಗೆ ಮಾರ್ಚಿಯ ಎಚ್ಚರಿಕೆಯು ಹಗುರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.