ಅಣ್ಣನ ಮೈಲ್ಸ್, ತಮ್ಮನ ಟಿಕೆಟ್: ರೊಕ್ಕ ಎಷ್ಟು ಕೊಡಬೇಕು?

ಈ ಸಲದ ಪ್ರಶ್ನೆ ನಮ್ಮ ಬಮ್ಮಿಗಟ್ಟಿ ಹುಡುಗಂದು. ಅಣ್ಣನ ಏರ್‌ಲೈನ್ ಮೈಲ್ಸ್‌ನಲ್ಲಿ ದೀಪಾವಳಿಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಟಿಕೆಟ್ ಮಾಡಿಸಿಕೊಂಡಾನ. "ಅಣ್ಣಗ ಎಷ್ಟು ಕೊಟ್ರ ನ್ಯಾಯ?" ಅಂತ ಕೇಳ್ಯಾನ. ಅಣ್ಣ ಮಾತ್ರ ಕಂಪನಿ ಮೈಲ್ಸ್ ಮಾರೋ ದರ ತೋರಿಸ್ತಾನಂತ. ಅದನ್ನ ಬಿಡ್ರಿ. ಅಂಗಡಿಯವ ಬಂಗಾರ ಮಾರೋ ರೇಟೇ ಬ್ಯಾರೆ, ನಮ್ಮಿಂದ ಕೊಳ್ಳೋ ರೇಟೇ ಬ್ಯಾರೆ. ಮೈಲ್ಸ್ ಅಂತೂ ಅವರು ವಾಪಸ್ ಕೊಳ್ಳೋದೇ ಇಲ್ಲ.

ಲೆಕ್ಕ ಹಿಂಗ ಮಾಡೋಣ. ಉದಾಹರಣೆಗೆ, ಅದೇ ವಿಮಾನಕ್ಕೆ ಅದೇ ದಿನ ನಗದು ದರ 6,500 ರೂಪಾಯಿ. ಮೈಲ್ಸ್‌ನಲ್ಲಾದ್ರ 12,000 ಮೈಲ್ಸ್, ಜೊತೆಗೆ ತೆರಿಗೆ-ಶುಲ್ಕ 1,100 ರೂಪಾಯಿ. 6,500ರಲ್ಲಿ 1,100 ಕಳೀರಿ, ಉಳಿದ 5,400ನ್ನ 12,000ದಿಂದ ಭಾಗಿಸ್ರಿ. ಮೈಲ್‌ಗೆ 45 ಪೈಸೆ. ಇನ್ನೂ ಒಂದದ, ಹೆಚ್ಚಿನವರು ಮರೀತಾರ: ರೊಕ್ಕ ಕೊಟ್ಟು ಹಾರಿದ್ರ ಹೊಸ ಮೈಲ್ಸ್ ಬರ್ತಿದ್ವು. ಅವು 300 ಅನ್ನಿ. 12,300ರಿಂದ ಭಾಗಿಸಿದ್ರ 44 ಪೈಸೆಗೆ ಇಳೀತದ.

ಇದು ಗರಿಷ್ಠ ಬೆಲೆ, ಅದೂ ತಮ್ಮ ಹೆಂಗಿದ್ರೂ ವಿಮಾನದಾಗೇ ಬರ್ತಿದ್ದ ಅಂದ್ರ ಮಾತ್ರ. 1,500 ರೂಪಾಯಿ ಟ್ರೇನ್ ಹತ್ತಿ ಬರೋನಿದ್ದ ಅಂದ್ರ? ಅವನಿಗೆ ಉಳಿದದ್ದು 400 ರೂಪಾಯಿ, ಮತ್ತೆ ಒಂದು ರಾತ್ರಿ ನಿದ್ದೆ! ಎರಡು ಲಕ್ಷದ ಬಿಸಿನೆಸ್ ಕ್ಲಾಸ್ ಟಿಕೆಟ್ ತೋರಿಸಿ "ಒಂದು ಮೈಲ್‌ಗೆ ಎರಡು ರೂಪಾಯಿ" ಅನ್ನೋ ವಿಡಿಯೋಗಳೂ ಇದೇ ತಪ್ಪು ಮಾಡ್ತಾವ. ನಾವು ಎಂದೂ ಕೊಳ್ಳದ ಟಿಕೆಟ್ಟಿನ ದರ ನಮ್ಮ ಉಳಿತಾಯ ಅಲ್ಲ.

ಕನಿಷ್ಠ ಬೆಲೆ ಅಣ್ಣನ ಕಡೆಯಿಂದ ನೋಡಬೇಕು. ಅವೇ ಮೈಲ್ಸ್‌ಗೆ ಅವನಿಗೆ 20 ಪೈಸೆ ಲೆಕ್ಕದಾಗ ಗಿಫ್ಟ್ ವೋಚರ್ ಸಿಗ್ತಿದ್ರ, ಅದಕ್ಕಿಂತ ಕಡಿಮೆ ಕೊಟ್ರ ಅವನಿಗೆ ಲುಕ್ಸಾನು.

ಮೈಲ್ಸ್ ಅಂದ್ರ ನಗದು ಅಲ್ಲ, ಕಂಪನಿಯ ಮಾತು. ಅವಧಿ ಮುಗೀತದ, ಬೇಕಾದ ದಿನ ಸೀಟು ಸಿಗಂಗಿಲ್ಲ, ದರ ಕಂಪನಿಯೇ ಬದಲಿಸ್ತದ. 2012ರ ಅಕ್ಟೋಬರ್‌ನಾಗ ಬೆಂಗಳೂರಿನ ಕಿಂಗ್‌ಫಿಷರ್ ಹಾರಾಟ ನಿಂತಾಗ, ಕಿಂಗ್ ಕ್ಲಬ್ ಮೈಲ್ಸ್ ಇಟ್ಟುಕೊಂಡವರು ಹತ್ತಲಿಕ್ಕೆ ಆ ಕಂಪನಿ ವಿಮಾನನೇ ಉಳೀಲಿಲ್ಲ. ವಿಸ್ತಾರಾದವರ ನಸೀಬು ಚಲೋ ಇತ್ತು. 2024ರ ನವೆಂಬರ್‌ನಾಗ ವಿಲೀನ ಆದಾಗ ಪಾಯಿಂಟ್ಸ್ ಏರ್ ಇಂಡಿಯಾಕ್ಕೆ ಹೋದ್ವು. ಈ ಅಪಾಯಕ್ಕಾಗೇ ನಾನು 44ರಿಂದ ಕೆಳಗಿಳೀತೀನಿ.

ತಮ್ಮ ವಿಮಾನದಾಗೇ ಬರೋನಿದ್ದ ಅಂದ್ರ ನನ್ನ ತೀರ್ಪು 30 ಪೈಸೆ. 12,000ಕ್ಕೆ 3,600, ಅಣ್ಣ ಕಟ್ಟಿದ ತೆರಿಗೆ ಪೂರಾ 1,100, ಒಟ್ಟು 4,700. ಇಬ್ಬರಿಗೂ ಲಾಭನೇ.

ಆದ್ರ ಇದು ಮನೆಯೊಳಗಿನ ಲೆಕ್ಕ. ಟೆಲಿಗ್ರಾಂನಾಗ ಯಾರೋ ಕೇಳಿದ್ರು ಅಂತ ಇದೇ ದರಕ್ಕೆ ಮಾರಲಿಕ್ಕೆ ಹೋಗಬ್ಯಾಡ್ರಿ. ಮೈಲ್ಸ್ ಮಾರಾಟಕ್ಕೆ ಕಂಪನಿಗಳ ನಿಯಮ ಒಪ್ಪಂಗಿಲ್ಲ; ಟಿಕೆಟ್ ರದ್ದಾಗಬಹುದು, ಖಾತೆನೇ ಬಂದ್ ಆಗಬಹುದು.