ಉಪ್ಪುಗಾಳಿಯ ಊರಲ್ಲಿ ಹಳೆ ಜೀಪು

ಕೊಲ್ಲೂರಿನಲ್ಲಿ ಬೆಳಗಾಗುವುದೇ ಎರಡು ಸದ್ದಿನಿಂದ. ಒಂದು ಮೂಕಾಂಬಿಕೆಯ ಗುಡಿಯ ಗಂಟೆ, ಇನ್ನೊಂದು ಡೀಸೆಲ್ ಜೀಪಿನ ಗಡಗಡ. ಬೈಂದೂರು ತಾಲೂಕಿನ ಈ ಊರಿಂದ ಹೊರಟ ಜೀಪು ನಿಟ್ಟೂರು ದಾಟಿ, ಕಟ್ಟಿನಹೊಳೆಯ ಆಚೆ 1,343 ಮೀಟರ್ ಎತ್ತರದ ಕೊಡಚಾದ್ರಿಯ ಕೆಂಪು ಕೊರಕಲಿಗೆ ಮೂತಿ ಇಡುತ್ತದೆ. ಹಿಂದೆ ಕೂತವರು ಹುಡ್‌ನ ಪೈಪು ಬಿಗಿಹಿಡಿಯುತ್ತಾರೆ. ಒಂದು ಚಕ್ರ ಬಂಡೆಯ ಮೇಲೆ, ಒಂದು ಚಕ್ರ ಗುಂಡಿಯಲ್ಲಿ. ಚಾಲಕನಿಗೆ ಮಾತ್ರ ಅವಸರವಿಲ್ಲ. ಎಡಗೈಯಿಂದ ಗೇರಿನ ಪಕ್ಕದ ಗಿಡ್ಡ ಲಿವರ್ ಎಳೆದು, ಎಂಜಿನ್ ತನ್ನಷ್ಟಕ್ಕೆ ತಾನು ಹತ್ತಲು ಬಿಡುತ್ತಾನೆ.

ಹಳೆ ಜೀಪೊಂದನ್ನು ಎಬ್ಬಿಸಿ ನಿಲ್ಲಿಸುವ ಆಸೆ ಇರುವವರು ಸ್ಪ್ಯಾನರ್ ಹಿಡಿಯುವ ಮೊದಲು ಈ ಮುಂದಿನ ಸೀಟಿನಲ್ಲಿ ಒಮ್ಮೆ ಕೂರಬೇಕು. ಆರೋಗ್ಯವಾಗಿರುವ ಜೀಪಿನ ಸದ್ದು ಹೇಗಿರುತ್ತದೆಂದು ಕಿವಿ ಮೊದಲು ಕಲಿಯಬೇಕು. ಸರಿಯಾದ ಸದ್ದು ಗೊತ್ತಿಲ್ಲದವರಿಗೆ ತಪ್ಪು ಸದ್ದು ಕೇಳಿಸುವುದಿಲ್ಲ.

ಈ ಗಾಡಿಗಳ ವಂಶ ದೊಡ್ಡದು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಹಳಬರು ಇಂದಿಗೂ ನೆನೆಯುವ ಸಿಜೆ 3ಬಿ ಅಮೆರಿಕದಲ್ಲಿ 1953ರಲ್ಲಿ ಬಂದ ಮಾದರಿ. ಅದರ 2.2 ಲೀಟರಿನ ಹರಿಕೇನ್ ಎಂಜಿನ್ ಹಿಂದಿನದಕ್ಕಿಂತ ಎತ್ತರ. ಆ ಎಂಜಿನ್ನಿಗೆ ಜಾಗ ಬೇಕೆಂದೇ ಬಾನೆಟ್ಟೂ ಎತ್ತರವಾಯಿತು. 1980ರ ದಶಕದಲ್ಲಿ ಎಂಎಂ 540 ಬಂತು, ಪೂಷೋ ಮೂಲದ 2.1 ಲೀಟರಿನ ಡೀಸೆಲ್ ಎಂಜಿನ್ ಹೊತ್ತು. ನಮ್ಮ ಕಡೆ ತೋಟದ ಮೂಲೆಯಲ್ಲಿ, ಮಡಲಿನ ಅಡಿಯಲ್ಲಿ ನಿಂತು ಕಾಯುತ್ತಿರುವವು ಹೆಚ್ಚಾಗಿ ಇದೇ ಬಳಗದವು.

ಬೈಂದೂರು ಬಿಟ್ಟು ತೆಂಕಲಿಗೆ ಬಂದರೆ ಮರವಂತೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ನೋಡುವವರ ಕಣ್ಣಿಗೆ ಹಬ್ಬ, ಕಬ್ಬಿಣಕ್ಕೆ ಕಂಟಕ. ಅಲೆ ಒಡೆದಾಗ ಏಳುವ ಉಪ್ಪಿನ ಹನಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಗಾಜು ಒರೆಸುತ್ತೇವೆ, ಅಡಿಯ ಕಬ್ಬಿಣವನ್ನು ಯಾರೂ ಒರೆಸುವುದಿಲ್ಲ. ಮೇಲಿಂದ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಘಟ್ಟದಲ್ಲಿ ಮೆತ್ತಿಕೊಂಡ ಕೆಮ್ಮಣ್ಣು ಚಾಸಿಯ ಸಂದಿಯಲ್ಲಿ ಹೆಪ್ಪುಗಟ್ಟಿ ನೀರು ಹಿಡಿದಿಡುತ್ತದೆ. ತುಕ್ಕು ಇಲ್ಲಿ ಹನ್ನೆರಡು ತಿಂಗಳೂ ದುಡಿಯುತ್ತದೆ.

ಕುಂದಾಪುರದ ಒಂದು ಗ್ಯಾರೇಜು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಒರಗಿದ 6.00-16ರ ಟಯರುಗಳು. ಹೊಳೆಯುವ ಹಸಿರು ಬಣ್ಣದ ಹಳೆ ಜೀಪಿನ ಮುಂದೆ ಒಬ್ಬ ತರುಣ ಮೈಮರೆತು ನಿಂತಿದ್ದಾನೆ.

“ಇದ್ ರೆಡಿ ಆತ್ತಾ ಅಣ್ಣಯ್ಯ?”

“ಬಣ್ಣ ಕಂಡ್ ಮರ್ಳಾಪ್ದ್ ಬ್ಯಾಡ ಮಾರಾಯ್ರೆ. ಅಡಿಗ್ ಮನಿಕಂಡ್ ಕಾಣಿ. ಚಾಸಿ ಗಟ್ಟಿ ಇದ್ರೆ ಉಳ್ದದ್ದೆಲ್ಲ ಆತ್ತ್.”

ಮೆಕ್ಯಾನಿಕ್ ಸಣ್ಣ ಸುತ್ತಿಗೆ ಹಿಡಿದು ಚಾಸಿಯುದ್ದಕ್ಕೂ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತಿಂದುಹೋದದ್ದು ಡಬ್ ಎನ್ನುತ್ತದೆ. ಹಿಂದಿನ ಅಡ್ಡಪಟ್ಟಿ, ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದ ಹ್ಯಾಂಗರ್, ಬಾಡಿ ಕೂರುವ ಜಾಗ, ಸೀಟಿನಡಿಯ ತಗಡು: ಈ ನಾಲ್ಕು ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಪುಟ್ಟಿ ಮೆತ್ತಿ ಬಣ್ಣ ಬಳಿದ ಕಡೆ ಅದು ಸಲೀಸಾಗಿ ಒಳಗೆ ಇಳಿಯುತ್ತದೆ. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ತಾಳೆಯಾಗುತ್ತದೆಯೇ ಎಂದು ನೋಡುವುದೂ ಆಗಲೇ. ಎಂಜಿನ್ನನ್ನು ಸರಿಮಾಡಬಹುದು, ಕಾಗದವಿಲ್ಲದ ಗಾಡಿಯನ್ನು ರಸ್ತೆಗಿಳಿಸುವುದು ಕಷ್ಟ.

ಹೊಸಬರ ಕೈ ಮೊದಲು ತುಡಿಯುವುದು ಎಲ್ಲವನ್ನೂ ಬಿಚ್ಚಿ ಹಾಕಲು. ಅಲ್ಲೇ ಎಷ್ಟೋ ಕನಸು ಗೋಣಿಚೀಲದೊಳಗೆ ಸೇರಿಹೋಗುತ್ತವೆ. ಒಂದು ಭಾಗ ಬಿಚ್ಚಿ, ಸರಿಮಾಡಿ, ಕೂರಿಸಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು. ಗಾಡಿ ಸದಾ ತನ್ನ ಚಕ್ರಗಳ ಮೇಲೆ ತಳ್ಳುವಂತಿರಬೇಕು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ, ವಯರಿನ ತುದಿಗೆ ಗುರುತಿನ ಪಟ್ಟಿ, ನಟ್ಟು ಬೋಲ್ಟುಗಳಿಗೆ ಬೇರೆ ಬೇರೆ ಗೆರಟೆ. ಹಿಡಿದುಕೊಂಡ ಬೋಲ್ಟಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡುವುದು. ಬರೀ ಜಾಕನ್ನು ನಂಬಿ ಯಾವತ್ತೂ ಅಡಿಗೆ ಹೋಗಬಾರದು. ಗಟ್ಟಿ ಸ್ಟ್ಯಾಂಡು ಕೊಟ್ಟು, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿಯೇ ಮಲಗಬೇಕು.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಒಮ್ಮೆಲೇ ಸ್ಟಾರ್ಟರ್ ಕೊಡುವುದು ಕ್ರೌರ್ಯ. ಪ್ಲಗ್ಗನ್ನೋ ಇಂಜೆಕ್ಟರನ್ನೋ ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಕೈಯಿಂದ ತಿರುಗಿಸಬೇಕು. ಟ್ಯಾಂಕಿನ ಕೆಸರು ತೆಗೆದು, ಹೊಸ ಎಣ್ಣೆ, ಹೊಸ ಫಿಲ್ಟರು ಹಾಕಿ, ಡೀಸೆಲ್ ಪೈಪಿನ ಗಾಳಿ ಹೊರಗೆ ಬಿಡಬೇಕು. ಆಮೇಲೆ ಬರುವ ಮೊದಲ ಹೊಗೆಗೆ ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ಓಡಿಬರುತ್ತಾರೆ.

ಆದರೆ ಓಡುವುದಕ್ಕಿಂತ ಮೊದಲು ನಿಲ್ಲಬೇಕು. ಹಳೆ ಜೀಪಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಒಂದೇ ಎಣ್ಣೆಯ ದಾರಿ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಕೈಬಿಡುತ್ತವೆ. ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್‌ಗಳ ರಬ್ಬರ್, ಹೋಸು ಪೈಪು ಹೊಸದಾಗಲೇಬೇಕು. ಬ್ರೇಕ್ ಎಣ್ಣೆ ಬಣ್ಣವನ್ನು ತಿನ್ನುತ್ತದೆ, ವೆಲ್ಡಿಂಗಿನ ಕಿಡಿ ಬಣ್ಣವನ್ನು ಸುಡುತ್ತದೆ. ಕಣ್ಣಿಗೆ ಮೊದಲು ಕಾಣುವ ಬಣ್ಣ ಕೆಲಸದಲ್ಲಿ ಕೊನೆಯದಾಗುವುದು ಅದಕ್ಕೇ. ನಾಲ್ಕು ಚಕ್ರದ ಲಿವರನ್ನು ಮಣ್ಣಿನಲ್ಲೇ ಪರೀಕ್ಷಿಸಬೇಕು. ಒಣ ಡಾಂಬರಿನ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಿ, ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ಬ್ರಹ್ಮಾವರದ ಕಡೆ ಅಡಿಕೆ ಅಂಗಳದ ಬದಿಯ ಮಾಡೇ ಇಂಥ ಕೆಲಸದ ಮನೆ. ಇಲ್ಲಿ ದಿನದರ್ಶಿಕೆ ಬರೆಯುವುದು ಆಕಾಶ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಾಡಿನಡಿ ಬ್ರೇಕು, ಗೇರು, ವಯರಿಂಗ್. ಗಾಳಿ ಒಣಗಿದ ಮೇಲೆ ಟಿಂಕರಿಂಗ್: ತುಕ್ಕಿನ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸೆಯುವುದು, ತಂತಿ ಬ್ರಷ್ಷಿನಲ್ಲಿ ಉಜ್ಜಿ ಅದೇ ದಿನ ಪ್ರೈಮರ್ ಹೊಡೆಯುವುದು. ಡಿಸೆಂಬರ್‌ನಿಂದ ಮಾರ್ಚ್ ಬಣ್ಣದ ಕಾಲ.

ಸರಿಮಾಡುವ ಭರದಲ್ಲಿ ಗಾಡಿಯ ಮೂಲ ರೂಪ ಕೆಡಿಸಬಾರದು, ಕಾನೂನೂ ಅದರ ಪರವೇ. ಅನುಮತಿಯಿಲ್ಲದೆ ಎಂಜಿನ್ ಬದಲಿಸುವಂತಿಲ್ಲ, ಗಾಡಿಯ ಮೂಲ ರಚನೆ ಬದಲಿಸುವುದು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದವಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿಯಂಥ ಕೆಲವೇ ಕಾರಣಗಳಿಗೆ ರಸ್ತೆಗಿಳಿಸಬಹುದು. ದಿನವೂ ಓಡಿಸುವ ಮನಸ್ಸಿದ್ದವರು ಮಾಮೂಲಿ ನವೀಕರಣವನ್ನೇ ಮಾಡಿಸುವುದು ಲೇಸು.

ಜೀಪು ದುಡಿಯಲೆಂದೇ ಹುಟ್ಟಿದ ಗಾಡಿ. ಅದನ್ನು ದುಡಿಯುವಂತೆ ಮಾಡುವುದೇ ಅದಕ್ಕೆ ಸಲ್ಲಿಸುವ ಗೌರವ. ಸುತ್ತಿಗೆಯ ಸದ್ದಿನಲ್ಲೇ ಚಾಸಿಯ ರೋಗ ಹೇಳುವ ಮೆಕ್ಯಾನಿಕ್ಕರಿಗೆ ವಯಸ್ಸಾಗುತ್ತಿದೆ, ಅವರ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿ ಇಳಿದಿಲ್ಲ. ಶುರುಮಾಡುವವರು ಬೇಗ ಶುರುಮಾಡಲಿ. ಗಟ್ಟಿ ಚಾಸಿಯ, ಸರಿಯಾದ ಕಾಗದದ ಒಂದು ಜೀಪು ಆರಿಸಿ, ಅಂಥವರೊಬ್ಬರ ಪಕ್ಕ ಕೂತು, ಈ ಮಳೆಗಾಲದಲ್ಲಿ ಅದರ ನಾಲ್ಕು ಬ್ರೇಕುಗಳನ್ನಷ್ಟೇ ಪೂರ್ತಿಯಾಗಿ ಸರಿಮಾಡಲಿ. ಒಂದು ಕೆಲಸ ಕೊನೆಮುಟ್ಟಿಸಿದ ಕೈಗೆ ಮುಂದಿನ ಕೆಲಸದ ಧೈರ್ಯ ತಾನಾಗಿ ಬರುತ್ತದೆ.